ಎಂಟು ಬ್ಯಾಟರಿಯ ಜೀಪು

ತಣಿಸಂದ್ರದ ಚಿಕ್ಕಬೈರಪ್ಪನವರಿಗೆ ಸುಳ್ಳು ಕಂಡರಾಗದು. ದೇಶದೇಶದ ಹವ್ಯಾಸಿಗಳ ಜೊತೆ ಹರಟುವ ಹ್ಯಾಮ್ ರೇಡಿಯೋ ಲೈಸೆನ್ಸ್ ಸಿಕ್ಕಿದ್ದೇ ತಡ, "ನಾನು ಓಡೋ ಜೀಪಿಂದಾನೇ ಮಾತಾಡೋದು" ಅಂತ ಜಗತ್ತಿಗೆಲ್ಲ ಸಾರಿಬಿಟ್ಟರು.

ದನಿ ದೂರ ಹೋಗಲೆಂದು ಜೀಪಿಗೆ ಭಾರಿ ಆಂಪ್ಲಿಫೈಯರ್ ಕೂರಿಸಿದರು. ಹೆಬ್ಬಾಳ ಫ್ಲೈಓವರ್ ಮೇಲೆ ಮೈಕ್ ಒತ್ತಿ "ಹಲೋ" ಅಂದದ್ದೊಂದೇ, ಅದು ಇದ್ದಬದ್ದ ಕರೆಂಟನ್ನೆಲ್ಲ ಹೀರಿಕೊಂಡಿತು. ಇಂಜಿನ್ ಅಲ್ಲೇ ಆಫ್. ಹಿಂದಿನ ಗಾಡಿಯವರೆಲ್ಲ ಅವರ ಏಳು ತಲೆಮಾರನ್ನು ಜಾಲಾಡಿದರು.

"ಬ್ಯಾಟರಿ ಸಾಲ್ದು" ಅಂತ ಇನ್ನೊಂದು ತಂದರು. ಆಮೇಲೆ ಮತ್ತೆರಡು. ಹಿಂದಿನ ಸೀಟು ಹೋಯಿತು, ಕೊನೆಗೆ ಹೆಂಡತಿಯ ಸೀಟೂ ಹೋಯಿತು.

"ರೀ, ನಾನೆಲ್ಲಿ ಕೂರ್ಲಿ?" ಅಂದರು ವೆಂಕಟಲಕ್ಷ್ಮಮ್ಮ.

"ನೀನು ಬಸ್ಸಲ್ಲಿ ಬಾ."

ಎಂಟನೇ ಬ್ಯಾಟರಿ ಹೇರಿದಾಗ ಜೀಪು ಜಪ್ಪಯ್ಯ ಅಂದರೂ ಕದಲಲಿಲ್ಲ. ಜಗತ್ತಿಗೆ ಕೊಟ್ಟ ಮಾತು ಸುಳ್ಳಾಯಿತಲ್ಲ ಅಂತ ಚಿಕ್ಕಬೈರಪ್ಪ ಊಟ ಬಿಟ್ಟು ಕೂತರು.

ನೋಡಲಾರದೆ ವೆಂಕಟಲಕ್ಷ್ಮಮ್ಮ ಶೆಡ್ಡಿಗೆ ಹೋದರು. ಹೊಲವೆಲ್ಲ ಅಪಾರ್ಟ್‌ಮೆಂಟ್ ಆದಮೇಲೆ ಆಯುಧಪೂಜೆಗೆ ಮಾತ್ರ ಹೊರಗೆ ಬರುತ್ತಿದ್ದ ಟ್ರ್ಯಾಕ್ಟರ್ ಅಲ್ಲಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜೀಪಿಗೆ ಹಗ್ಗ ಬಿಗಿದು, ಟ್ರ್ಯಾಕ್ಟರ್ ಹತ್ತಿ ಎಳೆದೇಬಿಟ್ಟರು.

ಜೀಪು ಓಡಿತು. ಚಿಕ್ಕಬೈರಪ್ಪ ಮೈಕ್ ಒತ್ತಿದರು. ಜಪಾನಿನವನೊಬ್ಬ ಉತ್ತರ ಕೊಟ್ಟ. ದನಿ ಗಂಟೆ ಹೊಡೆದ ಹಾಗೆ ಕೇಳುತ್ತಿದೆ ಅಂದ. ಬೆಂಗಳೂರು ಸುತ್ತುತ್ತಿದ್ದೀರಲ್ಲ, ಎದುರಿಗೆ ಏನು ಕಾಣುತ್ತಿದೆ ಅಂತ ಕೇಳಿದ.

ಚಿಕ್ಕಬೈರಪ್ಪ ಮುಂದಿನ ಗಾಜಿನಾಚೆ ನೋಡಿದರು. ಸುಳ್ಳು ಹೇಳುವ ಹಾಗಿಲ್ಲ.

"ನನ್ನ ಹೆಂಡ್ತಿ ಬೆನ್ನು" ಅಂದರು.