ಆರೋಗ್ಯವಂತರ ಪಟ್ಟಿ

ಸುರೇಬಾನದ ಪ್ರಜ್ಞಾ ಎಂ.ಎಸ್ಸಿ. ಮುಗಿಸಿ ರಾಮದುರ್ಗದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾಲ್ಕು ವರ್ಷ ದುಡಿದಿದ್ದಳು. ಬೆಳಗಾವಿಯ ಒಂದು ವೈದ್ಯಕೀಯ ಕಾಲೇಜು ಸ್ವೀಡನ್ನಿನ ವಿಶ್ವವಿದ್ಯಾಲಯದ ಜೊತೆ ಸೇರಿ ದೀರ್ಘಕಾಲದ ಕಾಯಿಲೆಗಳ ಸಂಶೋಧಕರನ್ನು ತಯಾರು ಮಾಡಲು ಹೊರಟಾಗ ಆಯ್ಕೆಯಾದ ಆರು ಜನರಲ್ಲಿ ಅವಳೂ ಒಬ್ಬಳು. ಆಗ ಅವಳಿಗೆ ಇಪ್ಪತ್ತೆಂಟು. ವಾರಕ್ಕೆರಡು ದಿನ ಸ್ವೀಡನ್ನಿನವರು ಪರದೆಯ ಮೇಲೆ ಪಾಠ ಮಾಡುತ್ತಿದ್ದರು. ಜನರನ್ನು ಹೇಗೆ ವಿಚಾರಿಸಬೇಕು, ಬಂದ ಅಂಕಿಯನ್ನು ಯಾಕೆ ಸುಲಭಕ್ಕೆ ನಂಬಬಾರದು ಎಂಬುದನ್ನೇ ಹೆಚ್ಚು ಕಲಿಸುತ್ತಿದ್ದರು.

ಅವಳ ಪಾಲಿಗೆ ಬಂದದ್ದು ಕಬ್ಬು ಕಡಿಯುವವರ ಕಿಡ್ನಿಯ ಅಧ್ಯಯನ. ಎಂ.ಕೆ. ಹುಬ್ಬಳ್ಳಿಯ ಸುತ್ತ ಬಿಸಿಲಲ್ಲಿ ಕಬ್ಬು ಕಡಿಯುವ ಅರವತ್ತು ಜನರ ರಕ್ತ ಬೇಕಿತ್ತು. ಅವರೊಂದಿಗೆ ಹೋಲಿಸಲು, ಎಂದೂ ಕಬ್ಬು ಕಡಿಯದ, ನಲವತ್ತರೊಳಗಿನ, ಸಕ್ಕರೆ ಕಾಯಿಲೆ, ಬಿಪಿ ಏನೂ ಇಲ್ಲದ ಅರವತ್ತು ಆರೋಗ್ಯವಂತರೂ ಬೇಕಿತ್ತು. ಆರೋಗ್ಯವಂತರಿಗಾಗಿ ಪ್ರಜ್ಞಾ ದೂರ ಹೋಗಲಿಲ್ಲ. ತನ್ನೂರಿನವರ ಹೆಸರುಗಳನ್ನೇ ಬರೆದಳು. ಗೌಂಡಿ ಕೆಲಸದ ಅಣ್ಣ ಪರಶು, ಬಸ್ ನಿಲ್ದಾಣದ ಬಳಿಯ ಟೇಲರ್ ಸಿದ್ದರಾಮ, ಹೀಗೆ. ಟ್ಯೂಬುಗಳ ಮೇಲೆ ನಂಬರು ಮಾತ್ರ ಇರುತ್ತಿತ್ತು. ಯಾವ ನಂಬರು ಯಾರದೆಂಬುದು ಮಾರ್ಗದರ್ಶಿ ಡಾ. ನಾಗರತ್ನಾ ಅವರ ಬೀರುವಿನಲ್ಲಿತ್ತು.

ಏಪ್ರಿಲ್ ಮೊದಲ ವಾರ ಫಲಿತಾಂಶ ಬಂತು. ಕಬ್ಬು ಕಡಿಯುವವರಲ್ಲಿ ಹದಿನಾಲ್ಕು ಜನರ ಕಿಡ್ನಿ ಸೋತಿತ್ತು. ಅಷ್ಟನ್ನು ಎಲ್ಲರೂ ಊಹಿಸಿದ್ದರು. ಆದರೆ ಆರೋಗ್ಯವಂತರಲ್ಲೂ ಹನ್ನೊಂದು ಜನ ಸಿಕ್ಕರು. ಪ್ರಜ್ಞಾ ಮೊದಲು ಯಂತ್ರವನ್ನು ಅನುಮಾನಿಸಿದಳು. ಉಳಿದ ರಕ್ತವನ್ನು ಬೇರೆ ಯಂತ್ರಕ್ಕೆ ಹಾಕಿಸಿದಳು. ಅಲ್ಲೂ ಹನ್ನೊಂದೇ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಒಂದರ ಆಸುಪಾಸಿನಲ್ಲಿರಬೇಕು. ಮೂವತ್ತೇಳನೆಯ ನಂಬರಿನದು ಎರಡೂವರೆ ದಾಟಿತ್ತು.

ಬೀರುವಿನ ಪಟ್ಟಿ ನೋಡುವ ಅಗತ್ಯ ಅವಳಿಗಿರಲಿಲ್ಲ. "ಸಣ್ಣಾಕಿ ಇದ್ದಾಗ ಸೂಜಿ ಕಂಡ್ರ ಓಡತಿದ್ದಿ, ಈಗ ನನಗ ಚುಚ್ಚಾಕ ಹತ್ತೀಯಲ್ಲ!" ಎಂದು ರಕ್ತ ತೆಗೆದ ದಿನ ಪರಶು ನಕ್ಕಾಗ, ಅವಳು ಕೈಯಲ್ಲಿದ್ದ ಟ್ಯೂಬಿಗೆ ಮೂವತ್ತೇಳು ಎಂದು ಬರೆಯುತ್ತಿದ್ದಳು.

"ಮೇಡಮ್, ಮೂವತ್ತೇಳು ನಮ್ಮಣ್ಣಂದರಿ," ಎಂದಳು.

ನಾಗರತ್ನಾ ಪಟ್ಟಿ ತೆಗೆದು ನೋಡಿದರು. "ಮೂರು ತಿಂಗಳ ಬಿಟ್ಟು ಇನ್ನೊಮ್ಮೆ ನೋಡೂತನಕ ಇದಕ್ಕ ಕಾಯಂ ರೋಗ ಅನ್ನಾಕ ಬರಂಗಿಲ್ಲ. ಆದ್ರ ಹನ್ನೊಂದೂ ಮಂದಿನ್ನ ಇದ ವಾರ ಕರಸೂಣು. ಅವರಿಗೆ ಹೇಳೂದು ನನ್ನ ಕೆಲಸ."

ಕರೆದಂತೆ ಹತ್ತಿರದ ರಾಮದುರ್ಗದ ಆಸ್ಪತ್ರೆಗೆ ಬಂದವರು ಐದೇ ಜನ. ಹನ್ನೊಂದರಲ್ಲಿ ಒಬ್ಬನಾದ ಟೇಲರ್ ಸಿದ್ದರಾಮ ಬರಲಿಲ್ಲ, ಪರಶುವೂ ಬರಲಿಲ್ಲ.

"ನೋವಿಲ್ಲ, ಜ್ವರ ಇಲ್ಲ. ಸಿಮೆಂಟ್ ಚೀಲ ಹೊತ್ತು ಮ್ಯಾಲ ಹತ್ತತೇನಿ. ನನಗೇನ ರೋಗ?" ಎಂದು ಊಟಕ್ಕೆ ಕುಳಿತ ಪರಶು ರೇಗಿದ.

"ನೋವು ಬರೂದ್ರಾಗ ಕಿಡ್ನಿ ಮುಗದಿರತಾವ ಅಣ್ಣಾ. ದಿನಾ ನುಂಗೂ ಆ ಮೈನೋವಿನ ಗುಳಿಗಿ ಆದ್ರೂ ಬಿಡು, ಅದೂ ಕಿಡ್ನಿ ಕೆಡಸತೈತಿ."

"ಬಿಟ್ರ ಮರುದಿನ ಕೆಲಸಕ್ಕ ಯಾರು ಹೋಗತಾರ?"

ರೊಟ್ಟಿ ತಟ್ಟುತ್ತಿದ್ದ ತಾಯಿ ಕೆಂಪವ್ವನ ಕೈ ನಿಂತಿತು. "ನೀ ರಕ್ತಾ ತಗದ ಮ್ಯಾಲೆ ಇದೆಲ್ಲಾ ಶುರು ಆತು ಅಂತ ಮಂದಿ ಅನ್ನಾಕ ಹತ್ಯಾರವ್ವ," ಎಂದಳು ಮೆಲ್ಲಗೆ.

ಮಾತು ಊರೆಲ್ಲ ಹಬ್ಬಿತ್ತು. ಪ್ರಜ್ಞಾ ಓಣಿಗೆ ಬಂದರೆ ಬಾಗಿಲುಗಳು ಮುಚ್ಚಿಕೊಳ್ಳತೊಡಗಿದವು. ಮೇ ಕೊನೆಗೆ ಸಿದ್ದರಾಮ ಹೊಲಿಗೆ ಯಂತ್ರದ ಮುಂದೆಯೇ ಕುಸಿದ. ಬೆಳಗಾವಿಗೆ ಒಯ್ದರು. ಕಿಡ್ನಿ ಪೂರ್ತಿ ನಿಂತು ನಾಲ್ಕನೆಯ ದಿನ ತೀರಿಕೊಂಡ. ಅವನಿಗೆ ಮೂವತ್ನಾಲ್ಕು. ಬಿಸಿಲಲ್ಲಿ ದುಡಿದವನಲ್ಲ, ಕಬ್ಬು ಮುಟ್ಟಿದವನಲ್ಲ. ಹಾಗಾದರೆ ಏನು? ನೀರೋ, ಗುಳಿಗೆಯೋ, ಬೆಳೆಗೆ ಹೊಡೆಯುವ ಔಷಧವೋ? ಪ್ರಜ್ಞಾಳಿಗೆ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಅವಳು ಕುಡಿದದ್ದೂ ಅದೇ ಊರಿನ ನೀರು.

ಮಣ್ಣಿಗೆ ಹೋಗಿ ಬಂದ ಮರುದಿನ ಬೆಳಿಗ್ಗೆ ಪರಶು ತಂಗಿಯ ಎದುರು ಕುಳಿತು ಕಾಲು ಚಾಚಿದ. "ಸಿದ್ದರಾಮನ ಕಾಲೂ ಹಿಂಗ ಬಾತಿದ್ವು," ಎಂದು ಹೆಬ್ಬೆರಳಿನಿಂದ ಪಾದ ಒತ್ತಿದ. ಕುಳಿ ಬಿದ್ದು ಹಾಗೇ ಉಳಿಯಿತು.

"ಯಾವಾಗಿಂದ ಅಣ್ಣಾ?"

"ಹದಿನೈದ ದಿನ ಆತು. ಅಂಜಿಕಿ ಬಂದು ಹೇಳಲಿಲ್ಲ."

ಮತ್ತೆ ಪರೀಕ್ಷೆ ಮಾಡಿದಾಗ ಕ್ರಿಯಾಟಿನಿನ್ ಮೂರೂವರೆ ಬಂತು. ಪರಶು ಗುಳಿಗೆ ಬಿಟ್ಟ, ಗೌಂಡಿ ಕೆಲಸವನ್ನೂ ಬಿಟ್ಟ. ಕಿತ್ತೂರಿನ ಹೆದ್ದಾರಿ ಬದಿಯ ಗೋದಾಮಿನಲ್ಲಿ ಕುಳಿತು ಮಾಡುವ ಕೆಲಸ ಹಿಡಿದ. ಅಂಕಿ ಇಳಿಯಲಿಲ್ಲ. ಏರುವುದು ನಿಧಾನವಾಯಿತು, ಅಷ್ಟೇ.

ಆ ಚಳಿಗಾಲ ಪ್ರಜ್ಞಾ ಆರು ತಿಂಗಳ ತರಬೇತಿಗೆ ಸ್ವೀಡನ್ನಿಗೆ ಹೋದಳು. ಬೇರೆ ಬೇರೆ ದೇಶಗಳಿಂದ ಬಂದವರು ತಮ್ಮೂರಿನ ಅಂಕಿಗಳನ್ನು ಗೆರೆಯಾಗಿ ಎಳೆದು ಪರದೆಯ ಮೇಲೆ ತೋರಿಸಿದರು. ನಿಕರಾಗುವಾದಿಂದ ಬಂದವಳ ಗೆರೆಯ ಮೇಲೆ ಪ್ರಜ್ಞಾಳ ಗೆರೆಯನ್ನಿಟ್ಟಾಗ ಎರಡೂ ಒಂದೇ ಹಾದಿಯಲ್ಲಿ ಏರಿದವು.

"ನಮ್ಮಲ್ಲೂ ಹೀಗೇ ಶುರುವಾಗಿದ್ದು," ಎಂದಳು ಆಕೆ. "ಮೊದಲು ಅಲ್ಲೊಬ್ಬರು ಇಲ್ಲೊಬ್ಬರು. ಈಗ ಒಂದು ಊರಿಗೆ ವಿಧವೆಯರ ಊರೆಂದೇ ಹೆಸರು."

"ಕಾರಣ ಸಿಕ್ಕಿತೇ?"

"ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದೇವೆ. ಪೂರ್ತಿ ಸಿಕ್ಕಿಲ್ಲ."

ಇನ್ನೆರಡು ವರ್ಷ ಅಲ್ಲೇ ಉಳಿದು ಸಂಶೋಧನೆ ಮಾಡಲು ಪ್ರಜ್ಞಾಳಿಗೆ ಅವಕಾಶ ಬಂತು. ಅವಳು ಒಪ್ಪದೆ ಮರಳಿದಳು. ಈಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಎಂಟು ಜನರಿಗೆ ಅವಳೇ ತರಬೇತಿ ಕೊಡುತ್ತಿದ್ದಾಳೆ. ಕಳೆದ ತಿಂಗಳು ಸವದತ್ತಿ ಕಡೆಯ ಮೊದಲ ಅರವತ್ತು ಜನರ ಫಲಿತಾಂಶ ಬಂತು. ಒಂಬತ್ತು ಜನರ ಅಂಕಿ ಏರಿತ್ತು. ಅದರಲ್ಲೊಬ್ಬಳು ಬಿ.ಎ. ಓದುವ ಇಪ್ಪತ್ತು ವರ್ಷದ ಹುಡುಗಿ. ಇಷ್ಟು ಚಿಕ್ಕವಳು ಈವರೆಗೆ ಸಿಕ್ಕಿರಲಿಲ್ಲ.

ಡಾ. ನಾಗರತ್ನಾ ಅವರಿಗೆ ತಿಳಿಸಿ, ಪ್ರಜ್ಞಾ ಆ ಮನೆಗೆ ಫೋನ್ ಹಚ್ಚಿದಳು. ತಾಯಿ ಎತ್ತಿದಳು.

"ನಾಳೆ ಡಾಕ್ಟರ್‍ನ್ನ ಕರಕೊಂಡು ಮನಿಗೆ ಬರತೇನ್ರಿ ಅಕ್ಕಾರ," ಎಂದಳು ಪ್ರಜ್ಞಾ. "ಮಗಳನ್ನ ಕಾಲೇಜಿಗೆ ಕಳಸಬ್ಯಾಡ್ರಿ. ಎದುರಿಗೆ ಕುಂತು ಮಾತಾಡೂಣು."

ಆ ಕಡೆ ತಾಯಿ ಮಗಳನ್ನು ಕೂಗಿ ಕರೆಯುವುದು ಕೇಳಿಸಿತು.