ಶುಕ್ರವಾರ ತುಂಬುವ ತೊಟ್ಟಿಲುಗಳು

ಬೆಳಕು ಹರಿಯುವ ಮುಂಚೆಯೇ ಹೆರಿಗೆ ವಾರ್ಡಿನಲ್ಲಿ ಆಯಮ್ಮನ ಬಕೆಟ್ಟಿನ ಸದ್ದು ಕೇಳುತ್ತದೆ. ನೆಲ ಒರೆಸಿ, ಕೈ ತೊಳೆದುಕೊಂಡು, ಸ್ಟೋರ್ ರೂಮಿನಿಂದ ತೊಟ್ಟಿಲುಗಳನ್ನು ಒಂದೊಂದಾಗಿ ತಳ್ಳಿಕೊಂಡು ಬಂದು ಗೋಡೆಗುಂಟ ನಿಲ್ಲಿಸುತ್ತಾರೆ. ಇಂದು ಶುಕ್ರವಾರ, ನಾಳೆಯಿಂದ ಸಾಲು ರಜೆ. ಇದ್ದಬದ್ದ ತೊಟ್ಟಿಲುಗಳೆಲ್ಲ ಹೊರಗೆ ಬರಲೇಬೇಕು. ಭಾನುವಾರಕ್ಕಾದರೆ ಎರಡು ಸಾಕು.

"ಮಕ್ಕಳಿಗೇನು ಕ್ಯಾಲೆಂಡರ್ ನೋಡೋಕೆ ಬರುತ್ತಾ? ನೋಡೋರು ನಾವು," ಎನ್ನುತ್ತಾರೆ ಹಾಸುಬಟ್ಟೆ ಕೊಡವುತ್ತ. ಈ ಊರಿನ ಶಾಲೆಗಳಲ್ಲಿ ಒಂದೇ ದಿನ ಹುಟ್ಟಿದವರು ಬೆಂಚಿಗಿಬ್ಬರಂತೆ ಸಿಕ್ಕರೆ ಅದರಲ್ಲಿ ಪವಾಡವೇನೂ ಇಲ್ಲ. ದಿನ ತುಂಬಿದವರಿಗೆ ರಜೆಗೆ ಮುಂಚೆಯೇ ನೋವು ಬರಿಸುವ ಡ್ರಿಪ್ ಹಾಕುತ್ತಾರೆ, ಇಲ್ಲವೇ ಆಪರೇಷನ್ ಮಾಡುತ್ತಾರೆ. ರಜೆಯಲ್ಲಿ ಡಾಕ್ಟರೂ ಕಡಿಮೆ, ನರ್ಸ್‌ಗಳೂ ಕಡಿಮೆ. ಕೆಲವರಿಗೆ ನಿಜಕ್ಕೂ ಕಾಯುವಂತಿರುವುದಿಲ್ಲ. ಇನ್ನು ಕೆಲವರು ಕಾಯಬಹುದಿತ್ತು.

ಗಂಡ ತೀರಿಕೊಂಡ ವರ್ಷ, ಪುಟ್ಟ ಮಗನನ್ನು ನೆರೆಮನೆಯಲ್ಲಿ ಬಿಟ್ಟು ಈ ಕೆಲಸಕ್ಕೆ ಸೇರಿದವರು ಆಯಮ್ಮ. ಒರೆಸುವುದು, ಒಗೆಯುವುದು, ನೋವು ತಿನ್ನುವವರ ಬೆನ್ನು ನೀವುವುದು ಸಂಬಳದ ಕೆಲಸ. ಇನ್ನೊಂದು ಕೆಲಸ ಯಾರೂ ಹೇಳದೆಯೇ ಹೆಗಲಿಗೆ ಬಿತ್ತು. ಡಾಕ್ಟರನ್ನು ಕೇಳಲು ಬಾಯಿ ಬಾರದ ಹುಡುಗಿಯರು ಇವರ ಕೈ ಹಿಡಿದುಕೊಳ್ಳುತ್ತಾರೆ: "ಇವತ್ತೇ ಆಗ್ಬೇಕಾ?" ಆಯಮ್ಮನದು ಒಂದೇ ಉತ್ತರ: "ಇವತ್ತೇ ಒಳ್ಳೇದು ಕಣಮ್ಮ. ಧೈರ್ಯವಾಗಿರು." ಹುಡುಗಿಯರು ತಲೆಯಾಡಿಸುತ್ತಾರೆ. ಆಯಮ್ಮ ಇದ್ದರೆ ತಮ್ಮ ತಲೆನೋವು ಅರ್ಧ ಕಡಿಮೆ ಎಂದು ನರ್ಸ್‌ಗಳು ಹೊಗಳುತ್ತಾರೆ.

ಇಂದು ಕಿಟಕಿ ಪಕ್ಕದ ಮಂಚದಲ್ಲಿರುವವಳು ಸ್ವಂತ ಸೊಸೆ. ಅವಳೂ ಅದನ್ನೇ ಕೇಳುತ್ತಾಳೆ. "ನಿಜ ಹೇಳಿ ಅತ್ತೆ. ಎಲ್ಲರಿಗೂ ಹೇಳೋದನ್ನ ನಂಗೆ ಹೇಳ್ಬೇಡಿ."

ರೂಢಿಯ ಮಾತು ನಾಲಿಗೆ ತುದಿಗೆ ಬಂದು ನಿಂತುಬಿಡುತ್ತದೆ. ಉತ್ತರ ಅವರಿಗೆ ಗೊತ್ತಿಲ್ಲ, ಯಾವತ್ತೂ ಗೊತ್ತಿರಲಿಲ್ಲ. "ತಡಿಯಮ್ಮ, ಕೇಳ್ಕೊಂಡ್ ಬರ್ತೀನಿ."

ಡ್ಯೂಟಿ ರೂಮಿನಲ್ಲಿ ಡಾಕ್ಟರಮ್ಮ ಚಹಾ ಕುಡಿಯುತ್ತಿದ್ದಾರೆ. ಬೈಸಿಕೊಳ್ಳುವುದು ಗ್ಯಾರಂಟಿ ಎಂದುಕೊಂಡೇ ಆಯಮ್ಮ ಬಾಗಿಲಲ್ಲಿ ತಡವರಿಸುತ್ತಾರೆ. "ಮೇಡಂ, ನನ್ನ ಸೊಸೆಗೆ ಇವತ್ತೇ ಬೇಕಾ? ಕಾಯೋ ಹಾಗಿಲ್ವಾ?"

"ಕಾಯಬಹುದು. ತಾಯಿ, ಮಗು ಇಬ್ರೂ ಚೆನ್ನಾಗಿದ್ದಾರೆ. ರಜೆ ಇದೆ ಅಂತ ಇವತ್ತಿಗೆ ಹಾಕಿದ್ವಿ. ನೋವು ಬಂದ್ರೆ, ಮಗು ಮಿಸುಕಾಡೋದು ಕಡಿಮೆ ಆದ್ರೆ, ತಕ್ಷಣ ಕರ್ಕೊಂಡು ಬನ್ನಿ."

ಅಷ್ಟೇ. ಲೋಟದ ಚಹಾ ಇನ್ನೂ ಆರಿರಲಿಲ್ಲ.

ಸಂತೋಷವಾಗಬೇಕಿತ್ತು. ಆಯಮ್ಮ ಕಾರಿಡಾರಿನ ಗೋಡೆಗೆ ಒರಗಿ ಮುಖ ಮುಚ್ಚಿಕೊಳ್ಳುತ್ತಾರೆ. "ಇಷ್ಟು ಸುಲಭ ಇತ್ತಾ? ಇಷ್ಟು ವರ್ಷ ಒಬ್ಬರಿಗೋಸ್ಕರನಾದ್ರೂ ಕೇಳ್ಲಿಲ್ವಲ್ಲ ನಾನು. ಸ್ವಂತ ಸೊಸೆ ಅಂದಾಗ ಮಾತ್ರ ಕೇಳೋಕೆ ಕಾಲು ಮುಂದೆ ಬಂತು. ಥೂ, ನಾಚಿಕೆಯಾಗುತ್ತೆ."

ಸೊಸೆ ಬಟ್ಟೆ ಮಡಚಿ ಮನೆಗೆ ಹೊರಡುವುದನ್ನು ನೋಡಿ ಪಕ್ಕದ ಮಂಚದ ಹುಡುಗಿ ಎದ್ದು ಕೂರುತ್ತಾಳೆ. "ಆಯಮ್ಮ, ಬೆಳಿಗ್ಗೆ ನಂಗೆ ಇವತ್ತೇ ಒಳ್ಳೇದು ಅಂದ್ರಲ್ಲ?"

ಆಯಮ್ಮನಿಗೆ ತಲೆ ಎತ್ತಲಾಗುವುದಿಲ್ಲ. "ಗೊತ್ತಿಲ್ದೆ ಹೇಳ್ದೆ ಕಣಮ್ಮ. ತಪ್ಪಾಯ್ತು." ಮತ್ತೆ ಡ್ಯೂಟಿ ರೂಮಿಗೆ ಹೋಗುತ್ತಾರೆ. ಈ ಸಲ ಡಾಕ್ಟರಮ್ಮ ತಾವೇ ಎದ್ದು ಬಂದು ಹುಡುಗಿಗೆ ಬಿಡಿಸಿ ಹೇಳುತ್ತಾರೆ: ಬಿಪಿ ಏರಿದೆ, ಕಾಯುವಂತಿಲ್ಲ, ಇಂದೇ ಆಗಬೇಕು.

ಟ್ರಾಲಿಯ ಮೇಲೆ ಮಲಗಿದ ಹುಡುಗಿ ಆಪರೇಷನ್ ಥಿಯೇಟರಿನ ಬಾಗಿಲವರೆಗೂ ಆಯಮ್ಮನ ಕೈ ಬಿಡುವುದಿಲ್ಲ. "ಕೇಳಿದ್ದು ಒಳ್ಳೇದಾಯ್ತು. ಈಗ ಭಯ ಇಲ್ಲ," ಎನ್ನುತ್ತಾಳೆ. ಆ ಮಾತು ಆಯಮ್ಮನಿಗೆ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚುತ್ತದೆ.

"ಬೆಳಿಗ್ಗೆ ನಾನೂ ಇವತ್ತೇ ಅಂತಾನೇ ಹೇಳಿದ್ದೆ. ಅದು ನಿಜಾನೇ ಆಯ್ತು," ಎನ್ನುತ್ತಾರೆ ಆಯಮ್ಮ ತಮ್ಮಷ್ಟಕ್ಕೇ, ಬಾಗಿಲು ಮುಚ್ಚಿದ ಮೇಲೆ. "ಆದ್ರೆ ನಾನು ಹೇಳಿದಾಗ ಅದು ಸುಳ್ಳೇ."

ವಾರ್ಡಿಗೆ ಮರಳಿದವರು ಬಕೆಟ್ಟಿನ ಕಡೆ ಹೋಗುವುದಿಲ್ಲ. ಬಾಗಿಲ ಬಳಿಯ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುವವಳು ಇನ್ನೂ ಯಾರನ್ನೂ ಏನೂ ಕೇಳಿಲ್ಲ. ಅವಳ ಪಕ್ಕದಲ್ಲಿ ಬಗ್ಗಿ ಆಯಮ್ಮ ಮೆಲ್ಲಗೆ ಕೇಳುತ್ತಾರೆ, "ನಿಂಗೂ ಕೇಳ್ಕೊಂಡ್ ಬರ್ಲೇನಮ್ಮ?"