ಹುಲ್ಲಿನ ಮಟ್ಟದ ಚಳಿ

ಕಾಕಾನ ಪ್ಯಾಂಟು ಬಲ ಮೊಣಕಾಲಿನ ಮೇಲೆ ಅಂಗೈಯಗಲ ಒದ್ದೆಯಾಗಿರುತ್ತಿತ್ತು. ದೀಪಾವಳಿ ಮುಗಿದದ್ದೇ ತಡ, ದಿನಾ ಬೆಳಿಗ್ಗೆ ನನ್ನ ನರ್ಸರಿಯ ಇಬ್ಬನಿಯಲ್ಲಿ ಮಂಡಿಯೂರಿ, ಹುಲ್ಲಿನ ತುದಿಗೆ ಸಮನಾಗಿ ಎರಡು ಕವೆಕಡ್ಡಿಗಳ ಮೇಲೆ ಮಲಗಿಸಿದ್ದ ಥರ್ಮಾಮೀಟರ್ ಓದುತ್ತಿದ್ದರು. ಹವಾಮಾನ ಕಚೇರಿಯಲ್ಲಿ ವೀಕ್ಷಕರಾಗಿ ನಿವೃತ್ತರಾದವರು, ಧಾರವಾಡದ ಕಡೆಯವರು. ಸಾಸವಡ ಊರಿನ ಹಳ್ಳದ ದಂಡೆಯಲ್ಲಿ ಅವರ ಮನೆಗೂ ನನ್ನ ನರ್ಸರಿಗೂ ನಡುವೆ ಒಂದು ಮುಳ್ಳುಬೇಲಿ ಅಷ್ಟೇ.

"ಮೊಬೈಲ್‌ನ್ಯಾಗ ಆರು ಡಿಗ್ರಿ ಅದರೀ ಕಾಕಾ" ಎಂದರೆ ಸಾಕು, ಕೆರಳುತ್ತಿದ್ದರು. "ನಿನ್ನ ಸಸಿ ಏನ್ ಆಳೆತ್ತರ ನಿಂತಾವೇನ್ ತಂಗಿ? ನೆಲದಾಗಿನ ಥಂಡಿ ಬ್ಯಾರೇನ ಇರ್ತದ. ಬಗ್ಗಿ ನೋಡಬೇಕು. ಅಂದಾಜು ಬರಿಯಾಂವ ವೀಕ್ಷಕನ ಅಲ್ಲ!"

ಸಸಿ ಮುಚ್ಚಬೇಕೋ ಬೇಡವೋ ಎಂಬುದನ್ನು ನಾನು ಅವರ ಅಂಕಿಯ ಮೇಲೇ ತೀರ್ಮಾನಿಸುತ್ತಿದ್ದೆ. ಆ ವರ್ಷ ದೀಪಾವಳಿಯಾದ ತಿಂಗಳಿಗೆ ಬರುವ ಛಟ್ಟಿ ಅಮಾವಾಸ್ಯೆಗೂ ಮೊದಲೇ ಚಳಿ ಬಿತ್ತು. ಹತ್ತು ಮಡಿ ಟೊಮ್ಯಾಟೊ ಸಸಿ, ಇನ್ನೊಂದು ವಾರಕ್ಕೆ ರೈತರು ಒಯ್ಯುವವರಿದ್ದರು. "ಮೂರು ಡಿಗ್ರಿ ಅದ, ಮುಚ್ಚಬ್ಯಾಡ" ಎಂದರು ಕಾಕಾ, ನಾಲ್ಕು ದಿನವೂ.

ಐದನೆಯ ಬೆಳಿಗ್ಗೆ ಹಳ್ಳದ ಬದಿಯ ಎರಡು ಮಡಿಗಳ ಮೇಲೆ ಉಪ್ಪು ಚೆಲ್ಲಿದ ಹಾಗೆ ಹಿಮ. ಬಿಸಿಲು ತಾಗುತ್ತಲೇ ಎಲೆಗಳು ಕಪ್ಪಾಗಿ ಜೋತುಬಿದ್ದವು. ಕಾಕಾ ಥರ್ಮಾಮೀಟರಿನ ಪಕ್ಕ ನೋಟ್‌ಬುಕ್ ಹಿಡಿದು ನಿಂತಿದ್ದರು. ಮೊಣಕಾಲ ಮೇಲೆ ಪ್ಯಾಂಟು ಒಣಗಿತ್ತು.

"ಬಗ್ಗಾಕ ಆಗವಲ್ದು ತಂಗಿ. ನಾಕು ದಿನ ಆತು. ಮನಿ ಕಟ್ಟಿ ಮ್ಯಾಲಿನ ಇನ್ನೊಂದು ಥರ್ಮಾಮೀಟರ್ ನೋಡಿ, ಅದರಾಗ ಎರಡು ಡಿಗ್ರಿ ಕಳದು ಬರದೆ."

ನನ್ನ ಮೈ ಉರಿದುಹೋಯಿತು. "ಆಗಂಗಿಲ್ಲ ಅಂತ ಬಾಯಿ ಬಿಟ್ಟು ಹೇಳಾಕ ಏನಾಗಿತ್ರೀ? ನಾ ಬಗ್ಗಿ ನೋಡ್ತಿರಲಿಲ್ಲೇನು? ಇನ್ನ ನನ್ನ ತ್ವಾಟದಾಗ ಕಾಲಿಡಬ್ಯಾಡ್ರಿ!"

ಅವರು ನಾಲ್ಕು ಅಂಕಿಗಳನ್ನೂ ಹೊಡೆದುಹಾಕಿ, ಒಂದೊಂದರ ಪಕ್ಕ 'ನೋಡಿಲ್ಲ' ಎಂದು ಬರೆದು ಹೊರಟುಹೋದರು.

ಸಂಜೆ ಆಕಾಶ ನಿಚ್ಚಳ, ಒಂದೆಲೆಯೂ ಅಲುಗುತ್ತಿಲ್ಲ; ರಾತ್ರಿ ಮತ್ತೆ ಹಿಮ ಬೀಳುವ ಲಕ್ಷಣ. ಎಂಟು ಮಡಿ ಉಳಿದಿದ್ದವು. ನನ್ನ ಕೈಲಿದ್ದ ಗೋಣಿಚೀಲ ಐದಕ್ಕೂ ಸಾಲದು. ಅಳು ಬರುವಂತಾಗಿತ್ತು. ಅಷ್ಟರಲ್ಲಿ ಬೇಲಿಯ ಮೇಲಿಂದ ಸೀರೆಗಳ ಗಂಟೊಂದು ಬಂತು. ತೀರಿಕೊಂಡ ಅವರ ಹೆಂಡತಿ, ಕಾಕುವಿನ ಸೀರೆಗಳು.

"ಸಿಟ್ಟು ನಾಳೆ ಮಾಡು. ಹೊತ್ತು ಮುಳುಗೂದ್ರಾಗ ಬಿದಿರಿನ ಕಮಾನು ಹಾಕಿ ಹೊಚ್ಚು. ಎಲಿಗೆ ತಾಗಬಾರದು ನೋಡು."

ನಾನು ಬಿದಿರು ಬಗ್ಗಿಸಿ ಮಡಿಗಳ ಮೇಲೆ ಕಮಾನು ಹಾಕಿದೆ. ಗಂಟು ಬಿಚ್ಚಿ ಸೀರೆ ಹೊದಿಸಿದೆ.

ಬೆಳಗಾಗುತ್ತಲೇ ನಾನೇ ಮಂಡಿಯೂರಿದೆ. ಬೇಲಿಯಾಚೆಯಿಂದ ಕಾಕಾ "ಎಷ್ಟು?" ಎಂದರು.

"ಮೈನಸ್ ಒಂದು."

"ಇನ್ನೊಮ್ಮೆ ಓದು."

"ಮೈನಸ್ ಒಂದೇ ಅದರೀ."

ಬರೆದುಕೊಂಡರು. ನಾನು ಒಂದೊಂದಾಗಿ ಸೀರೆ ಎತ್ತಿದೆ. ಎಂಟೂ ಮಡಿ ಹಸಿರಾಗಿದ್ದವು.

ಆ ಚಳಿಗಾಲವೆಲ್ಲ ಹಾಗೇ ನಡೆಯಿತು. ನಾನು ಓದುತ್ತಿದ್ದೆ, ಅವರು ಬೇಲಿಯಾಚೆ ನಿಂತು ಬರೆಯುತ್ತಿದ್ದರು. ಮೊಣಕಾಲ ನೋವಿಗೆ ಒಳಗೆ ಬರುತ್ತಿಲ್ಲ ಎಂದೇ ತಿಳಿದಿದ್ದೆ. ಶಿವರಾತ್ರಿ ಕಳೆದ ವಾರ ಎದೆನೋವೆಂದು ಮಲಗಿದವರು ಏಳಲಿಲ್ಲ. ಅವರನ್ನು ಮಣ್ಣು ಮಾಡಿ ಬಂದ ದಿನ ನನಗೆ ಹೊಳೆಯಿತು: ಅದೇ ಕಾಲಿನಲ್ಲಿ ಅವರು ಪ್ರತಿ ವಾರ ಸಾಸವಡದ ಸಂತೆಗೆ ನಡೆದು ಹೋಗಿ ಬರುತ್ತಿದ್ದರು. ಬೇಲಿಯಿಂದ ನನ್ನ ಮಡಿಗೆ ಇದ್ದದ್ದು ಹತ್ತು ಹೆಜ್ಜೆ. ಕಾಲಿಡಬ್ಯಾಡ್ರಿ ಎಂದಿದ್ದ ನಾನು, ಒಳಗೆ ಬರ್ರಿ ಕಾಕಾ ಎಂದು ಒಮ್ಮೆಯೂ ಕರೆಯಲಿಲ್ಲ.